ಬ್ಲೆಂಡರ್ ಗೊತ್ತಿದ್ದರೆ ಟೊಪಾಲಜಿ ಪಿಎಚ್‌ಡಿಗೆ ಅನುಕೂಲವಾ?

ಗಣಿತದಲ್ಲಿ ಎಂಎಸ್ಸಿ ಮುಗಿದಿದೆ, ಬ್ಲೆಂಡರ್ (3ಡಿ ಮಾಡೆಲಿಂಗ್ ಸಾಫ್ಟ್‌ವೇರ್) ಚೆನ್ನಾಗಿ ಬರುತ್ತದೆ, ಎರಡನ್ನೂ ಸೇರಿಸಿ ಪಿಎಚ್‌ಡಿ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ನಾನು ಅದನ್ನೇ ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ.

ಒಂದು ಗೊಂದಲ ಮಾತ್ರ ಈಗಲೇ ಬಿಡಿಸಿಕೊಳ್ಳಿ. ಬ್ಲೆಂಡರ್ ಬಳಸುವವರು 'ಟೊಪಾಲಜಿ ಸರಿಯಿಲ್ಲ' ಅಂದರೆ ಮಾಡೆಲ್‌ನ ಮೇಲ್ಮೈ ಕಟ್ಟುವ ಪಾಲಿಗನ್‌ಗಳ (ಬಹುಭುಜಗಳ) ಜೋಡಣೆ ಸರಿಯಿಲ್ಲ ಅಂತ. ಗಣಿತದವರಿಗೆ ಆ ಜೋಡಣೆ ಹೇಗಿದ್ದರೂ ಒಂದೇ. ಹರಿಯದೆ, ಅಂಟಿಸದೆ ಎಷ್ಟು ಎಳೆದಾಡಿದರೂ ಆಕಾರದಲ್ಲಿ ಏನು ಉಳಿಯುತ್ತದೆ, ಅದಷ್ಟೇ ಬೇಕು. ಮೊದಲ ದಿನ ನಾನು ಒಂದು ಟೊಪಾಲಜಿ, ನನ್ನ ಗೈಡ್ ಇನ್ನೊಂದು ಟೊಪಾಲಜಿ ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದ್ದೆವು!

ಇನ್ನು ಕೆಲಸದ ವಿಷಯ. ಹಿಡಿ ಇರುವ ಒಂದು ಕಪ್ಪಿನ ಸಿಟಿ ಸ್ಕ್ಯಾನ್ ತೆಗೆದುಕೊಂಡು ಮಾರ್ಚಿಂಗ್ ಕ್ಯೂಬ್ಸ್‌ನಿಂದ ಮೆಶ್ (ತ್ರಿಕೋನಗಳ ಬಲೆ) ಮಾಡಿದ್ದೆ. (ಸ್ಕ್ಯಾನ್‌ನಿಂದ ಮೇಲ್ಮೈ ತೆಗೆಯುವ 1987ರ ಅಲ್ಗಾರಿದಮ್, ಇನ್ನೂ ಬಳಕೆಯಲ್ಲಿದೆ.) ಮೂಲೆಗಳು 18,412, ಅಂಚುಗಳು 55,242, ತ್ರಿಕೋನಗಳು 36,828. ಮೂಲೆಗಳಿಂದ ಅಂಚು ಕಳೆದು ತ್ರಿಕೋನ ಕೂಡಿಸಿದರೆ ಆಯ್ಲರ್ ಸಂಖ್ಯೆ. ಚೆಂಡಿಗೆ 2 ಬರುತ್ತದೆ, ಒಂದೊಂದು ಹಿಡಿಗೂ 2 ಕಮ್ಮಿಯಾಗುತ್ತದೆ. ಹಾಗಾಗಿ ಕಪ್ಪಿಗೆ 0 ಬರಬೇಕಿತ್ತು. ಬಂದದ್ದು −2.

ಅಂದರೆ ಎಲ್ಲೋ ಇನ್ನೊಂದು ತೂತಿದೆ. ಪರದೆ ಮೇಲೆ ನೋಡಿದರೆ ಕಪ್ ನುಣ್ಣಗಿದೆ. ಎರಡು ದಿನ ಸುಮ್ನೆ ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ, ಚುಕ್ಕಿಯಾಗುವ ತನಕ ಕುಗ್ಗಿಸಲು ಆಗದ ಅತಿ ಚಿಕ್ಕ ಸುತ್ತನ್ನು ಹುಡುಕುವ ಕೋಡ್ ಬರೆದ ಮೇಲೆ ಸಿಕ್ಕಿತು. ಹಿಡಿ ಕಪ್ಪಿಗೆ ಸೇರುವ ಸಂದಿಯಲ್ಲಿ, ಆರೇ ಅಂಚಿನ ಸುತ್ತಳತೆಯ ಒಂದು ಸುರಂಗ. ಸ್ಕ್ಯಾನ್‌ನ ನಾಯ್ಸ್ (ಅಳತೆಯ ಸಣ್ಣ ತಪ್ಪುಗಳು) ಕೊರೆದದ್ದು.

ಮುಚ್ಚುವುದು ಸುಲಭ. ಆದರೆ ಯಾವುದು ನಿಜವಾದ ತೂತು, ಯಾವುದು ಗಲೀಜು ಅಂತ ಕಂಪ್ಯೂಟರ್‌ಗೆ ಹೇಳುವುದು ಹೇಗೆ? ಚಿಕ್ಕದೆಲ್ಲ ಗಲೀಜು ಅಂದುಬಿಟ್ಟರೆ ಮೂಳೆಯ ಸ್ಕ್ಯಾನ್ ಹಾಳಾಗುತ್ತದೆ, ಅಲ್ಲಿ ಚಿಕ್ಕ ತೂತುಗಳೇ ನಿಜ. ಅದಕ್ಕೇ ಪರ್ಸಿಸ್ಟೆಂಟ್ ಹೋಮಾಲಜಿ. (ಹೋಮಾಲಜಿ ಅಂದರೆ ಆಕಾರದ ತೂತುಗಳನ್ನು ಎಣಿಸುವ ಗಣಿತ.) ಸ್ಕ್ಯಾನ್‌ನ ಥ್ರೆಶೋಲ್ಡ್ (ಯಾವ ಮಟ್ಟದಿಂದ ಮೇಲಿದ್ದರೆ ವಸ್ತು ಅನ್ನುವ ಗೆರೆ) ಬದಲಿಸುತ್ತಾ ಹೋಗಿ, ಯಾವ ತೂತು ಎಷ್ಟು ಹೊತ್ತು ಉಳಿಯುತ್ತದೆ ಅಂತ ನೋಡುತ್ತೇವೆ. ನನ್ನ ಥೀಸಿಸ್‌ನ ಅರ್ಧ ಇದರಲ್ಲೇ ಹೋಗಿದೆ.

ಆದ್ದರಿಂದ ಮಾಡೆಲಿಂಗ್‌ಗಿಂತ ಲೀನಿಯರ್ ಆಲ್ಜಿಬ್ರಾ, ಹೋಮಾಲಜಿ, ಸಿ ಪ್ಲಸ್ ಪ್ಲಸ್ ಜಾಸ್ತಿ ಬೇಕು. ಬ್ಲೆಂಡರ್ ಚಿತ್ರ ತೆಗೆಯಲು ಬರುತ್ತದೆ, ಅಷ್ಟೇ.

ಗೈಡ್‌ಗೆ ಮೇಲ್ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಬ್ಲೆಂಡರ್‌ನ ಮಂಗನ ತಲೆ ಸುಝಾನ್ ಇದೆಯಲ್ವಾ, ಅದರ ಮೂಲೆ, ಅಂಚು, ಮುಖಗಳ ಲೆಕ್ಕ ಹಾಕಿ: 507 − 1005 + 500. ಚೆಂಡಿನ ಹಾಗೇ 2 ಬರುತ್ತದೆ, ಆದರೆ ಅದು ಚೆಂಡಲ್ಲ. ಯಾಕೆ ಅಂತ ತಿಳಿಯಬೇಕಾದರೆ ಅದರ ಕಣ್ಣುಗಳನ್ನು ಎಳೆದು ಪಕ್ಕಕ್ಕಿಟ್ಟು ನೋಡಿ.