ಗ್ಯಾರೇಜಿನಲ್ಲಿ ಸಿಕ್ಕ ಹಳೆಯ ಸೋಡಾ ಯಂತ್ರವನ್ನು ರಿಪೇರಿ ಮಾಡಿಸಬೇಕೆ, ಮಾರಿಬಿಡಬೇಕೆ?

ಅಮೆರಿಕದಲ್ಲಿ ನೀವು ಕೊಂಡ ಮನೆಯ ಗ್ಯಾರೇಜಿನಲ್ಲಿ ನಾಣ್ಯ ಹಾಕಿದರೆ ಬಾಟಲಿ ಕೊಡುವ ಕೋಕಾ-ಕೋಲಾದ ವೆಂಡೊ 81 ಯಂತ್ರ ಸಿಕ್ಕಿದೆ, ಬಣ್ಣ ಮಾಸಿದೆ, ಬೀಗದ ಕೈ ಇಲ್ಲ, ಹಿಂದಿನವರ ಪ್ರಕಾರ ತಂಪಾಗುವುದಿಲ್ಲ ಎಂದು ಬರೆದಿದ್ದೀರಿ. ಇಂಥ ಯಂತ್ರಗಳ ಮೇಲೆ ನನಗೆ ತುಂಬಾ ಪ್ರೀತಿ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲಿಗೆ, ತಂಪಾಗುವುದಿಲ್ಲ ಅನ್ನುವುದನ್ನು ಪಕ್ಕಕ್ಕಿಡಿ. ಎಲ್ಲರೂ ಹೆದರುವುದು ಅದಕ್ಕೇ. ಆದರೆ ಅದು ದುಡ್ಡು ಕೊಟ್ಟರೆ ಹೊಸದಾಗಿ ಸಿಗುವ ಭಾಗ. ತೀರ್ಮಾನ ನಿಂತಿರುವುದು ಬೇರೆ ಮೂರು ವಿಷಯಗಳ ಮೇಲೆ: ತಳದ ತಗಡು ಎಷ್ಟು ಉಳಿದಿದೆ, ಒಳಗಿನ ಬಾಟಲಿ ಕೊಡುವ ವ್ಯವಸ್ಥೆ ಮತ್ತು ನಾಣ್ಯದ ಪೆಟ್ಟಿಗೆ ಪೂರ್ತಿ ಇವೆಯೇ, ಮೈಮೇಲಿನ ಬಣ್ಣ ಕಾರ್ಖಾನೆಯದೇ ಹೌದೇ.

ಇವನ್ನು ನೋಡಲು ಬಾಗಿಲು ತೆರೆಯಬೇಕು. ದಯವಿಟ್ಟು ಹಾರೆ ಹಾಕಿ ಮೀಟಬೇಡಿ. ಬೀಗ ಹಾಳಾದರೆ ಬೇರೆ ಬೀಗ ಸಿಗುತ್ತದೆ, ಬಾಗಿಲಿನ ಅಂಚು ಒಮ್ಮೆ ಬಗ್ಗಿದರೆ ಮತ್ತೆ ಅದರ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಸರಿಯಾಗಿ ಕೂರುವುದಿಲ್ಲ. ಬೀಗದ ಕೆಲಸದವರನ್ನು ಕರೆಸುವುದೇ ಕಡಿಮೆ ಖರ್ಚಿನ ದಾರಿ.

ತೆರೆದ ಮೇಲೆ ಟಾರ್ಚ್ ಹಿಡಿದು ನೇರ ತಳಕ್ಕೆ ಹೋಗಿ. ಗ್ಯಾಸ್ಕೆಟ್ ಒಣಗಿ ಬಿರಿದಾಗ ಹೊರಗಿನ ತೇವದ ಗಾಳಿ ಒಳಗೆ ಹೋಗಿ ನೀರಾಗುತ್ತದೆ. ಆ ನೀರು ಇಳಿದು ಒಳತಗಡು ಮತ್ತು ಹೊರತಗಡಿನ ನಡುವಿನ ಫೈಬರ್ ಗ್ಲಾಸ್ ಪದರದಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಹೊರಗಿನಿಂದ ಚೆನ್ನಾಗಿ ಕಾಣುವ ಯಂತ್ರವೂ ಒಳಗಿನಿಂದ ತುಕ್ಕು ತಿಂದು ಪೊಳ್ಳಾಗಿರುವುದು ಹೀಗೆ. ಸ್ಕ್ರೂ ಡ್ರೈವರಿನ ಮೊನೆಯಿಂದ ನಾಲ್ಕೂ ಮೂಲೆಗಳನ್ನು ಒತ್ತಿ ನೋಡಿ. ಪುಡಿ ಉದುರಿ ಕೆಳಗೆ ಗಟ್ಟಿ ತಗಡು ಸಿಕ್ಕರೆ ಚಿಂತೆಯಿಲ್ಲ. ಮೊನೆ ತೂರಿಹೋದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಕಂಪ್ರೆಸರ್ ಕೂತಿರುವ ಜಾಗವೇ ಹೋಗಿದ್ದರೆ ಅದು ದೊಡ್ಡ ಕೆಲಸ. ಅಷ್ಟಕ್ಕೆ ಕೈಹಾಕಬೇಕೆಂದರೆ ಬೆಸುಗೆ ನಿಮಗೇ ಗೊತ್ತಿರಬೇಕು, ಇಲ್ಲವೇ ಆ ಯಂತ್ರದ ಜೊತೆ ನಿಮಗೇನೋ ನಂಟಿರಬೇಕು.

ಆಮೇಲೆ ಬಾಟಲಿಯ ವ್ಯವಸ್ಥೆ. ವೆಂಡೊ 81ರಲ್ಲಿ ಎಡಬದಿಯ ಸಪೂರ ಬಾಗಿಲು ತೆಗೆದು ಬಾಟಲಿಯ ಕತ್ತು ಹಿಡಿದು ಎಳೆಯಬೇಕು. ನಾಣ್ಯ ಬೀಳದಿದ್ದರೆ ಅದು ಬಿಡುವುದಿಲ್ಲ. ಆ ಹಿಡಿಗಳು, ಸ್ಪ್ರಿಂಗ್‌ಗಳು, ನಾಣ್ಯ ಇಳಿಯುವ ದಾರಿ ಎಲ್ಲ ಜಾಗದಲ್ಲಿದ್ದರೆ ನಿಮ್ಮ ಅದೃಷ್ಟ ದೊಡ್ಡದು. ಗ್ಯಾಸ್ಕೆಟ್, ಬೀಗ, ಸ್ಟಿಕ್ಕರ್‌ಗಳನ್ನು ಈಗಲೂ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಒಳಗಿನ ಸಣ್ಣ ಕಬ್ಬಿಣದ ತುಂಡುಗಳಿಗೆ ಮಾತ್ರ ಇನ್ನೊಂದು ಸತ್ತ ಯಂತ್ರವನ್ನೇ ಹುಡುಕಬೇಕಾಗುತ್ತದೆ.

ನಾಣ್ಯದ ಪೆಟ್ಟಿಗೆಯನ್ನು ಈಗಿನ ನಾಣ್ಯಕ್ಕೆ ಬದಲಿಸಿಕೊಳ್ಳುವ ಆಸೆ ಬರುತ್ತದೆ. ನನ್ನ ಕೋರಿಕೆ, ಬೇಡ. 1886ರಿಂದ 1950ರ ದಶಕದ ಕೊನೆಯವರೆಗೂ ಒಂದು ಗ್ಲಾಸ್ ಅಥವಾ ಬಾಟಲಿ ಕೋಕಾ-ಕೋಲಾದ ಬೆಲೆ ಐದು ಸೆಂಟಿನಲ್ಲೇ ನಿಂತಿತ್ತು, ಅದಕ್ಕೆ ಒಂದು ಕಾರಣ ಈ ಪೆಟ್ಟಿಗೆಗಳೇ. ಐದು ಸೆಂಟಿನ ಒಂದೇ ನಾಣ್ಯ ನುಂಗುವ ಯಂತ್ರಗಳು ದೇಶದ ತುಂಬ ಇದ್ದಾಗ ಆರು ಸೆಂಟಿಗೆ ಏರಿಸುವುದು ಹೇಗೆ? ಮುಂದಿನ ನಾಣ್ಯವೇ ಹತ್ತು ಸೆಂಟಿನದು. ಕಂಪನಿಯ ರಾಬರ್ಟ್ ವುಡ್‌ರಫ್ 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಏಳೂವರೆ ಸೆಂಟಿನ ಹೊಸ ನಾಣ್ಯ ಟಂಕಿಸುವಂತೆ ಕೇಳಿಕೊಂಡಿದ್ದರು! ಅಂಥ ಚರಿತ್ರೆ ಹೊತ್ತ ಪೆಟ್ಟಿಗೆಯನ್ನು ಕಿತ್ತು ಎಸೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಮಾಸಿದ್ದು ಬೇರೆ, ಹಾಳಾದದ್ದು ಬೇರೆ. ಹಳೆಯ ಕೆಂಪು ಬಣ್ಣ ಮೇಲ್ಪದರದಲ್ಲಿ ಸುಣ್ಣದಂತಾಗಿ ಬಿಳಿಚಿಕೊಳ್ಳುತ್ತದೆ, ಅದರಡಿ ಗಟ್ಟಿ ಕೆಂಪು ಇನ್ನೂ ಇರುತ್ತದೆ. ಮೃದು ಸೋಪಿನ ನೀರು, ಹತ್ತಿಯ ಬಟ್ಟೆ, ಆಮೇಲೆ ನಯವಾದ ಕಾರ್ ಪಾಲಿಷ್: ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಸ್ಟಿಕ್ಕರ್ ಇರುವ ಕಡೆ ಪಾಲಿಷ್ ತಾಗಿಸಬೇಡಿ. ಬಾಗಿಲಿನ ಒಳ ಅಂಚಿನಲ್ಲಿ ಬೇರೆ ಬಣ್ಣ ಇಣುಕಿದರೆ ಯಾರೋ ಮಧ್ಯೆ ಬಳಿದಿದ್ದಾರೆ ಎಂದರ್ಥ.

ಕಾರ್ಖಾನೆಯ ಬಣ್ಣ ಅಲ್ಲಲ್ಲಿ ಗೀರಿದ್ದರೂ ಉಳಿದಿದ್ದರೆ ಅದನ್ನು ಉಳಿಸಿಕೊಳ್ಳಿ. ಥಳಥಳ ಹೊಸ ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು, ಕಿತ್ತ ಹಳೆಯದು ಹಿಂದಿರುಗುವುದಿಲ್ಲ. ಸಂಗ್ರಹಕಾರರಲ್ಲೂ ಅಂಥದ್ದನ್ನೇ ಹುಡುಕುವವರು ಬಹಳ. ಬಳಿಯಲೇಬೇಕಾದಷ್ಟು ಕೆಟ್ಟಿದ್ದರೆ ಹಳೆಯ ಬಣ್ಣ ಕೀಳಲು ಮರಳು ಹೊಡೆಸುವ (ಸ್ಯಾಂಡ್‌ಬ್ಲಾಸ್ಟಿಂಗ್) ಕೆಲಸಕ್ಕೆ ಕೊಡುವಾಗ ಎಚ್ಚರ. ಅಗಲವಾದ ತೆಳು ತಗಡು ಆ ಹೊಡೆತಕ್ಕೆ ಅಲೆ ಅಲೆಯಾಗಿ ಬಾಗುತ್ತದೆ. ಪುಟ್ಟಿ ತುಂಬುವವರೂ ಉಬ್ಬು ಅಕ್ಷರಗಳ ಅಂಚನ್ನು ಮುಚ್ಚಿಬಿಡುತ್ತಾರೆ, ಆಮೇಲೆ ಎಷ್ಟು ಬಿಳಿ ಬಣ್ಣ ತುಂಬಿದರೂ ಅಕ್ಷರ ಎದ್ದು ಕಾಣುವುದಿಲ್ಲ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ನಿಮ್ಮ ಯಂತ್ರ 50ರ ದಶಕದ್ದು, ಆದ್ದರಿಂದ ಸೀಸ ಇದೆ ಎಂದೇ ಭಾವಿಸಿ. ಒಣ ಉಜ್ಜುವಿಕೆ ಬೇಡ, ಮಕ್ಕಳು ಓಡಾಡುವ ಕಡೆ ಬೇಡವೇ ಬೇಡ.

ಮಕ್ಕಳ ಮಾತು ಬಂದದ್ದಕ್ಕೆ ಇನ್ನೊಂದು. ಒಳಗಿನ ಚೌಕಟ್ಟು ತೆಗೆದಿಟ್ಟ ದಿನಗಳಲ್ಲಿ ಬಾಗಿಲನ್ನೂ ಕಳಚಿಡಿ. ಹೊರಗಿನಿಂದಷ್ಟೇ ತೆರೆಯುವ ಹಳೆಯ ಫ್ರಿಜ್‌ಗಳಲ್ಲಿ ಮಕ್ಕಳು ಸಿಕ್ಕಿಕೊಂಡು ಸಾಯುತ್ತಿದ್ದರು, ಅದಕ್ಕೇ 1956ರಲ್ಲಿ ಅಲ್ಲಿ ಕಾನೂನು ಬಂತು. ಖಾಲಿ ಸೋಡಾ ಯಂತ್ರವೂ ಅಂಥದ್ದೇ ಪೆಟ್ಟಿಗೆ.

ಈಗ ತಂಪಿನ ವಿಷಯ. ಓಡುತ್ತದೋ ನೋಡೋಣ ಎಂದು ಪ್ಲಗ್ ಚುಚ್ಚಬೇಡಿ. ಹಳೆಯ ವೈರಿನ ಮೇಲಿನ ರಬ್ಬರ್ ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತದೆ, ಎರಡು ಕಡ್ಡಿಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇರುವುದಿಲ್ಲ. ಇಡೀ ಯಂತ್ರ ಕಬ್ಬಿಣ, ಮುಟ್ಟುವವರ ಕೈ ಒದ್ದೆ. ಮೊದಲು ಅರ್ಥಿಂಗ್ ಇರುವ ಹೊಸ ವೈರ್ ಹಾಕಿಸಿ. ಬಿಸಿ ಹೊರಹಾಕುವ ಕಂಡೆನ್ಸರಿನ ಧೂಳು ತೆಗೆದು, ಫ್ಯಾನ್ ತಿರುಗುತ್ತದೆಯೇ, ರಿಲೇ ಮತ್ತು ಥರ್ಮೋಸ್ಟಾಟ್ ಕೆಲಸ ಮಾಡುತ್ತವೆಯೇ ಎಂದು ಮೀಟರಿನಲ್ಲಿ ನೋಡಿಸಿ. ಎಷ್ಟೋ ಸಲ ಕಂಪ್ರೆಸರ್ ಸತ್ತಿರುವುದಿಲ್ಲ, ಅದಕ್ಕೆ ಚಾಲನೆ ಕೊಡುವ ರಿಲೇಯಂಥ ಸಣ್ಣ ಭಾಗ ಹೋಗಿರುತ್ತದೆ.

ತಂಪು ಮಾಡುವ ಅನಿಲ ಹರಿಯುವ ಪೈಪನ್ನು ಮಾತ್ರ ನೀವು ಕತ್ತರಿಸಬೇಡಿ. ಆ ಕಾಲದ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-12 ಅನಿಲ. ಓಜೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ನಿಯಂತ್ರಿಸಿದ ಅನಿಲಗಳಲ್ಲಿ ಅದೂ ಒಂದು, ಅಮೆರಿಕದಲ್ಲಿ 1995ರ ಕೊನೆಗೆ ಅದರ ಉತ್ಪಾದನೆ ನಿಂತಿತು. ಅದನ್ನು ಗಾಳಿಗೆ ಬಿಡುವುದು ಅಲ್ಲಿ ಅಪರಾಧ, ಪ್ರಮಾಣಪತ್ರ ಇರುವ ತಂತ್ರಜ್ಞರೇ ತೆಗೆಯಬೇಕು. ಬದಲಿಗೆ ಆರ್-134ಎ ತುಂಬಿದರಾಯಿತು ಎನ್ನುವವರನ್ನು ನಂಬಬೇಡಿ. ಹಳೆಯ ಕಂಪ್ರೆಸರಿನ ಮಿನರಲ್ ಆಯಿಲ್ ಅದರೊಂದಿಗೆ ಹೊಂದುವುದಿಲ್ಲ. ಕಂಪ್ರೆಸರ್ ನಿಜವಾಗಿಯೂ ಹೋಗಿದ್ದರೆ ಹೊಸ ಕೂಲಿಂಗ್ ಯೂನಿಟ್ ಕೂರಿಸಿ, ಹಳೆಯದನ್ನು ಅನಿಲ ತೆಗೆಸಿ ಎತ್ತಿಡಿ.

ನೀವು ಕೊಟ್ಟ ವಿವರದ ಮೇಲೆ ಹೇಳುವುದಾದರೆ, ತಳ ಗಟ್ಟಿಯಿದ್ದು ಒಳಭಾಗಗಳು ಪೂರ್ತಿ ಇದ್ದರೆ ಖಂಡಿತ ಇಟ್ಟುಕೊಳ್ಳಿ. ತೊಳೆದು, ವೈರಿಂಗ್ ಮತ್ತು ಗ್ಯಾಸ್ಕೆಟ್ ಬದಲಿಸಿ, ತಂಪನ್ನು ನಿಧಾನಕ್ಕೆ ಸರಿಪಡಿಸಿಕೊಳ್ಳಿ, ಬಣ್ಣಕ್ಕೆ ಕೈಹಚ್ಚಬೇಡಿ. ತಳ ಕೊಳೆತು ಒಳಭಾಗಗಳು ಚೆನ್ನಾಗಿದ್ದರೆ, ಬಿಡಿಭಾಗಕ್ಕಾಗಿ ಕಾಯುತ್ತಿರುವ ಯಾರಾದರೂ ರಿಪೇರಿಗಾರರಿಗೆ ಇಡಿಯಾಗಿ ಮಾರಿ. ಬೆಲೆ ತಿಳಿಯಲು ಜನ ಕೇಳುತ್ತಿರುವ ದರವನ್ನಲ್ಲ, ಮಾರಾಟವಾಗಿ ಹೋದ ದರವನ್ನು ನೋಡಿ. ಸಾಗಿಸುವಾಗ ಯಂತ್ರವನ್ನು ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಬೇಕಾಗಿ ಬಂದರೆ ಮತ್ತೆ ನಿಲ್ಲಿಸಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಒಂದು ದಿನ ಬಿಟ್ಟು ಆಮೇಲೆ ವಿದ್ಯುತ್ ಕೊಡಿ.