ಹಕ್ಕಿ ನೋಡುವ ಗುಂಪಿಗೆ ಕಾಲೇಜು ಹುಡುಗರು ಬೇಕಾ?

ಸರ್, ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ಗುಂಪಿನಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಒಂದು ಕಾಲೇಜಿನವರು ಹತ್ತು ವಿದ್ಯಾರ್ಥಿಗಳನ್ನು ಸ್ವಯಂಸೇವಕರಾಗಿ ಕಳಿಸುತ್ತೇವೆ ಎಂದಿದ್ದಾರೆ. ಸರ್ಟಿಫಿಕೇಟ್ ಸಿಕ್ಕ ಮೇಲೆ ಅವರು ಈ ಕಡೆ ತಲೆ ಹಾಕುವುದಿಲ್ಲ, ಸುಮ್ನೆ ಯಾಕೆ ತಲೆನೋವು ಎಂದು ಕೇಳಿದ್ದೀರಿ. ಸೇರಿಸಿಕೊಳ್ಳಿ ಎನ್ನುವುದೇ ನನ್ನ ಉತ್ತರ. ಆದರೆ ಕುರ್ಚಿ ಜೋಡಿಸುವುದಕ್ಕೆ, ಬ್ಯಾನರ್ ಕಟ್ಟುವುದಕ್ಕೆ ಅಂತ ಅಲ್ಲ.

ಮೊದಲು ಕಿವಿಯ ವಿಷಯ. ವಯಸ್ಸಾಗುತ್ತಾ ಹೋದಂತೆ ನಮಗೆ ಮೊದಲು ಕೇಳಿಸದಾಗುವುದು ಕೀಚಲು ದನಿಗಳು. ಕೆಲವು ಸಣ್ಣ ಹಕ್ಕಿಗಳ ಕೂಗು 7-8 ಕಿಲೋಹರ್ಟ್ಸ್ ತನಕ ಏರುತ್ತದೆ. ಅದು ನಮಗೆ ಕೇಳುತ್ತಿಲ್ಲ ಎನ್ನುವುದೂ ನಮಗೆ ತಿಳಿಯುವುದಿಲ್ಲ, ಅದೇ ತೊಂದರೆ. ಹಕ್ಕಿ ಮರದಲ್ಲಿರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ 'ಈ ಜಾತಿ ಕಡಿಮೆಯಾಗಿದೆ' ಎಂದು ವರದಿ ಬರೆಯುತ್ತೇವೆ. ಕಡಿಮೆಯಾಗಿದ್ದು ಹಕ್ಕಿಯೋ ನಮ್ಮ ಕಿವಿಯೋ? ಎಣಿಕೆಗೆ ಹೋಗುವ ಪ್ರತಿ ತಂಡದಲ್ಲೂ ಒಂದು ಎಳೆಯ ಕಿವಿ ಇದ್ದರೆ ಈ ಅನುಮಾನ ಅರ್ಧ ಹೋಗುತ್ತದೆ.

ಹಾಗಂತ ಅವರನ್ನೇ ಬೇರೆ ತಂಡ ಮಾಡಿ ಕಳಿಸಬೇಡಿ. ಅವರಿಗೆ ಕೇಳುತ್ತದೆ, ಕೇಳಿದ್ದು ಯಾವ ಹಕ್ಕಿ ಎಂದು ಗೊತ್ತಿರುವುದಿಲ್ಲ. ಮೊಬೈಲ್‌ನಲ್ಲಿ ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ತೆರೆದು, ಅದು ತೋರಿಸಿದ್ದನ್ನೆಲ್ಲ ಬರೆದುಬಿಡುತ್ತಾರೆ. ಆ್ಯಪ್ ತಪ್ಪುವುದೂ ಉಂಟು. ಆ ಜಾಗದಲ್ಲಿ, ಆ ಕಾಲದಲ್ಲಿ ಆ ಹಕ್ಕಿ ಇರುವುದು ಸಾಧ್ಯವೇ ಎಂದು ಹೇಳುವುದಕ್ಕೆ ನಿಮ್ಮಂಥವರೇ ಬೇಕು. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಹೋಗಲಿ.

ಇನ್ನು ನಿಮ್ಮ ಹಳೆಯ ಡೈರಿಗಳು. ಪ್ರತಿ ಗುಂಪಿನಲ್ಲೂ ಇರುತ್ತವೆ, ಅಲ್ವಾ? ಯಾರದೋ ಬೀರುವಿನಲ್ಲಿ ಧೂಳು ಹಿಡಿದಿರುತ್ತವೆ. ನೋಡಿದ ಹಕ್ಕಿಗಳ ಪಟ್ಟಿ ಸೇರಿಸುವ ಇ-ಬರ್ಡ್ ಎಂಬ ವೆಬ್‌ಸೈಟ್ 2002ರಲ್ಲಿ ಶುರುವಾದರೂ ಅದಕ್ಕೂ ಹಿಂದಿನ ದಾಖಲೆಗಳನ್ನು ತೆಗೆದುಕೊಳ್ಳುತ್ತದೆ. ದಿನಾಂಕ, ಜಾಗ, ಹಕ್ಕಿಗಳ ಹೆಸರು ಇದ್ದರೆ ಸಾಕು. ಎಷ್ಟು ಹೊತ್ತು ನೋಡಿದಿರಿ ಎಂಬುದು ಬರೆದಿಲ್ಲವಾದರೆ ಅದಕ್ಕೆಂದೇ 'ಹಿಸ್ಟಾರಿಕಲ್' ಎಂಬ ವಿಭಾಗವಿದೆ. ಈ ಕೆಲಸವನ್ನು ಪೂರ್ತಿಯಾಗಿ ಇಬ್ಬರು ವಿದ್ಯಾರ್ಥಿಗಳ ಕೈಗೆ ಕೊಡಿ. ನಿಮ್ಮ ಕೈಬರಹ ಓದಲಾಗದೆ ಅವರು ಬಂದು ಕೇಳುತ್ತಾರೆ. 'ಈ ಹಕ್ಕಿ ಈಗ ಯಾಕೆ ಇಲ್ಲಿಲ್ಲ?' ಎಂದೂ ಕೇಳುತ್ತಾರೆ. ನಾವು ನೋಡಿ ನೋಡಿ ಒಗ್ಗಿಹೋದ ಜಾಗದ ಬಗ್ಗೆ ಇಂಥ ಪ್ರಶ್ನೆ ಕೇಳುವವರು ನಮ್ಮೊಳಗೆ ಉಳಿದಿರುವುದಿಲ್ಲ. ನನಗೆ ಕೇಳಿದರೆ, ಟೈಪಿಂಗ್‌ಗಿಂತ ಈ ಪ್ರಶ್ನೆಗಳೇ ಜಾಸ್ತಿ ಬೆಲೆಯವು.

ಬಿಟ್ಟು ಹೋಗುತ್ತಾರೆ ಎಂಬ ನಿಮ್ಮ ಮಾತು ನಿಜ. ಓದು ಮುಗಿದ ಮೇಲೆ ಹೋಗಲೇಬೇಕಲ್ಲ! ಅದನ್ನು ಮೊದಲೇ ಒಪ್ಪಿಕೊಂಡು ಕೆಲಸ ಹಂಚಿ. ಮೂರು ತಿಂಗಳಲ್ಲಿ ಮುಗಿಯುವ ಕೆಲಸ ಕೊಡಿ. ಪಾಸ್‌ವರ್ಡ್, ಫೋಟೋ, ಪಟ್ಟಿ ಎಲ್ಲವೂ ಗುಂಪಿನ ಖಾತೆಯಲ್ಲಿರಲಿ, ಒಬ್ಬರ ಮೊಬೈಲ್‌ನಲ್ಲಿ ಬೇಡ. ಹೋಗುವವರು ಮುಂದಿನವರಿಗೆ ಒಂದು ಪುಟದಲ್ಲಿ ಕೆಲಸದ ವಿವರ ಬರೆದಿಡಲಿ. ನಿಜ ಹೇಳಬೇಕೆಂದರೆ ಈ ಶಿಸ್ತು ನಮ್ಮ ಹಿರಿಯ ಸದಸ್ಯರಿಗೂ ಬೇಕು. ಕಾರ್ಯದರ್ಶಿಗೆ ಹುಷಾರಿಲ್ಲ ಎಂದರೆ ಸದಸ್ಯರ ಪಟ್ಟಿಯೇ ಸಿಗದ ಗುಂಪುಗಳು ಎಷ್ಟಿಲ್ಲ!

ಸರ್ಟಿಫಿಕೇಟ್ ಕೇಳುವುದರಲ್ಲಿ ತಪ್ಪೇನಿಲ್ಲ. ಅದರಲ್ಲಿ 'ಭಾಗವಹಿಸಿದ್ದಾರೆ' ಎಂದಷ್ಟೇ ಬರೆಯಬೇಡಿ. ಯಾವ ಕೆಲಸ, ಎಷ್ಟು ಗಂಟೆ ಎಂದು ಬರೆಯಿರಿ. ಆಗ ಕೆಲಸ ಮಾಡಿದವರಿಗೂ ಫೋಟೋಗೆ ನಿಂತವರಿಗೂ ವ್ಯತ್ಯಾಸ ತಾನಾಗಿಯೇ ಕಾಣುತ್ತದೆ.

ಎರಡು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಹದಿನೆಂಟು ತುಂಬದವರು ಇದ್ದರೆ ಪೋಷಕರ ಒಪ್ಪಿಗೆ ಬರಹದಲ್ಲಿ ಇರಲಿ. ಅಂಥ ಮಕ್ಕಳನ್ನು ಒಬ್ಬರೇ ಹಿರಿಯರ ಜೊತೆ ಎಲ್ಲಿಗೂ ಕಳಿಸಬೇಡಿ. ಮೇಲೆ ಹೇಳಿದ ಜೋಡಿ ಲೆಕ್ಕ ಅವರಿಗೆ ಅಲ್ಲ, ಅಲ್ಲಿ ಇಬ್ಬರು ಹಿರಿಯರು ಇರಲೇಬೇಕು. ಎರಡನೆಯದು ಗೂಡಿನ ಫೋಟೋ. ಗೂಡು ಎಲ್ಲಿದೆ ಎಂದು ಇನ್‌ಸ್ಟಾಗ್ರಾಂನಲ್ಲಿ ಹಾಕುವಂತಿಲ್ಲ, ಹಕ್ಕಿ ಕರೆಯುವುದಕ್ಕೆ ರೆಕಾರ್ಡಿಂಗ್ ಹಾಕುವಂತಿಲ್ಲ. ಮೊದಲ ದಿನವೇ ಹೇಳಿಬಿಡಿ, ಕಾರಣ ಸಮೇತ ಹೇಳಿದರೆ ಕೇಳುತ್ತಾರೆ.

ಇನ್ನೊಂದು ಮಾತು. ನಿಮ್ಮ ಸಮಿತಿಯಲ್ಲಿ ಅವರಿಗೂ ಒಂದು ಜಾಗ ಕೊಡಿ, ಓಟು ಸಮೇತ. ಬರೀ ಕರೆದು ಕೂರಿಸಿದರೆ ಎರಡನೇ ಸಭೆಗೆ ಬರುವುದಿಲ್ಲ.

ಹತ್ತು ಜನ ಒಟ್ಟಿಗೆ ಬೇಡ. ನೋಡಿಕೊಳ್ಳುವವರು ಎಷ್ಟು ಜನ ಇದ್ದೀರೋ ಅಷ್ಟೇ ಜನರನ್ನು ಕೇಳಿ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ಇರುತ್ತದೆ, 1998ರಿಂದ ನಡೆಯುತ್ತಿದೆ. ಒಂದು ಕಡೆ ಕನಿಷ್ಠ 15 ನಿಮಿಷ ಎಣಿಸಿದರೂ ಸಾಕು, ಹೊಸಬರಿಗೆ ಹೇಳಿ ಮಾಡಿಸಿದ್ದು. ಅದರ ಪೂರ್ತಿ ಜವಾಬ್ದಾರಿಯನ್ನು ಅವರಿಗೇ ಬಿಡಿ. ಕಾಲೇಜಿಗೆ ಬರೆಯುವ ಪತ್ರದಲ್ಲೇ ಈ ಕೆಲಸದ ಹೆಸರು ಹಾಕಿ, ಆಗ ಆಸಕ್ತಿ ಇರುವವರೇ ಬರುತ್ತಾರೆ.