ನೈಜೀರಿಯಾದಲ್ಲಿ ಜಾಸ್ತಿ ಮತ ಬಂದರೂ ಅಧ್ಯಕ್ಷರಾಗಲು ಸಾಲದಂತೆ, ಯಾಕೆ?

ಹೌದು, ಸಾಲದು. ಎಲ್ಲರಿಗಿಂತ ಜಾಸ್ತಿ ಮತ ಪಡೆಯುವುದರ ಜೊತೆಗೆ, ಒಟ್ಟು ರಾಜ್ಯಗಳಲ್ಲಿ ಮೂರನೇ ಎರಡರಷ್ಟು ಕಡೆ ಕನಿಷ್ಠ ಶೇ. 25 ಮತವೂ ಬರಬೇಕು.

ಇದು ಪೆಟ್ಟು ತಿಂದು ಕಲಿತ ಪಾಠ. 1960ರಲ್ಲಿ ಬ್ರಿಟಿಷರು ಹೋದಾಗ ದೇಶ ಮೂರು ಪ್ರಾಂತ್ಯಗಳಾಗಿತ್ತು. ಉತ್ತರದಲ್ಲಿ ಹೌಸಾ-ಫುಲಾನಿ, ಪಶ್ಚಿಮದಲ್ಲಿ ಯೊರುಬಾ, ಪೂರ್ವದಲ್ಲಿ ಇಗ್ಬೊ. ಪ್ರತಿಯೊಂದಕ್ಕೂ ತನ್ನದೇ ಪಕ್ಷ. ಸಣ್ಣ ಜನಾಂಗಗಳನ್ನು ಕೇಳುವವರೇ ಇರಲಿಲ್ಲ. ಕೊನೆಗೆ ಪೂರ್ವ ಭಾಗ ಬಿಯಾಫ್ರಾ ಎಂದು ಬೇರೆಯಾಗಲು ಹೊರಟು, 1967ರಿಂದ 1970ರವರೆಗೆ ಯುದ್ಧವೇ ನಡೆಯಿತು. ಸತ್ತವರಲ್ಲಿ ಹಸಿವಿನಿಂದ ಸತ್ತವರೇ ಹೆಚ್ಚು.

ಹಾಗಾಗಿ ಮುಂದೆ ನಾಯಕನಾಗುವವನು ತನ್ನವರನ್ನಷ್ಟೇ ನಂಬಿ ಕೂರಬಾರದು ಎಂದು ಈ ನಿಯಮ ತಂದರು. 1979ರ ಮೊದಲ ಚುನಾವಣೆಯಲ್ಲೇ ತಮಾಷೆ ನಡೆಯಿತು. ಆ ಪ್ರಾಂತ್ಯಗಳನ್ನು ಒಡೆದು ಆಗ ಇದ್ದದ್ದು 19 ರಾಜ್ಯ. 19ರಲ್ಲಿ ಮೂರನೇ ಎರಡು ಎಂದರೆ ಎಷ್ಟು? ಹನ್ನೆರಡೂ ಅಲ್ಲ, ಹದಿಮೂರೂ ಅಲ್ಲ! ಮುಂದಿದ್ದ ಶೆಹು ಶಗಾರಿಗೆ ಸರಿಯಾಗಿ 12 ರಾಜ್ಯಗಳಲ್ಲಿ ಶೇ. 25 ದಾಟಿತ್ತು. ಹದಿಮೂರನೆಯದಾದ ಕಾನೊದಲ್ಲಿ ಬಂದದ್ದು ಸುಮಾರು ಶೇ. 20. ಚುನಾವಣಾ ಆಯೋಗ ಆ ರಾಜ್ಯದ ಮತಗಳಲ್ಲಿ ಮೂರನೇ ಎರಡು ಭಾಗವನ್ನಷ್ಟೇ ಲೆಕ್ಕ ಹಿಡಿದು, ಅದರ ಶೇ. 25 ದಾಟಿದೆ, ಹಾಗಾಗಿ ಅವರೇ ಗೆದ್ದರು ಎಂದಿತು. ಸೋತ ಅವೊಲೊವೊ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ ಶಗಾರಿ ಗೆಲುವನ್ನೇ ಎತ್ತಿಹಿಡಿಯಿತು. ರಾಜ್ಯವನ್ನು ಹಾಗೆ ಕತ್ತರಿಸಿ ಲೆಕ್ಕ ಹಾಕಿದ್ದು ನನಗಂತೂ ಸರಿ ಅನಿಸುವುದಿಲ್ಲ.

ಈಗ 36 ರಾಜ್ಯ ಇವೆ, ಅದರಲ್ಲಿ ಮೂರನೇ ಎರಡು ಎಂದರೆ ಸರಿಯಾಗಿ 24. ಆದರೂ ನಿಯಮದಲ್ಲಿ ಸೇರಿರುವ ರಾಜಧಾನಿ ಅಬುಜಾವನ್ನು ಹೇಗೆ ಎಣಿಸಬೇಕು ಎಂಬ ವಾದ 2023ರ ಚುನಾವಣೆಯ ನಂತರ ಕೋರ್ಟಿಗೆ ಹೋಯಿತು. ಜನಾಂಗದ ಲೆಕ್ಕಾಚಾರವೂ ಹೋಗಿಲ್ಲ. ಈ ಸಲ ಅಧ್ಯಕ್ಷ ಉತ್ತರದವರೋ ದಕ್ಷಿಣದವರೋ ಎಂಬ ಜಗಳ ಪಕ್ಷಗಳ ಒಳಗೇ ಮೊದಲು ಶುರುವಾಗುತ್ತದೆ.